ನಾಲ್ಕು ಅಂಗೈ, ಒಂದು ಕೊಡ

ನನ್ನ ಹೋಟ್ಲಿನ ಸಾಂಬಾರು ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಸಲ ಕಲ್ಲಾಗಿದ್ದು. ಅದಕ್ಕೆ ಕಾರಣ ಶಾಂತಪ್ಪನವರು. ಸಂಜೆ ನಾಲ್ಕರ ಗಂಟೆ ಹೊಡೆಯೋಕೆ ಇನ್ನೇನು ಒಂದು ನಿಮಿಷ ಇದೆ. ಒಲೆಯಿಂದ ಇಳಿಸಿದ ಸಾಂಬಾರಿನ ಕೊಳಗದಲ್ಲಿ ನಾನು ಸೌಟು ತಿರುಗಿಸ್ತಾ ನಿಂತಿದ್ದೀನಿ. ಇವರು ಮೂಲೆ ಬೆಂಚಿನಿಂದ ಎದ್ದು, ಕೈ ತೊಳೆದು, ಪಂಚೆಗೆ ಒರೆಸಿಕೊಂಡು, ನೇರ ನನ್ನ ಹತ್ತಿರ ಬಂದು, "ಹೊನ್ನಾಜಮ್ಮನೋರೇ, ನಾವಿಬ್ಬರೂ ಕೊಡ ಹಿಡಿಯೋಣವಾ?" ಅಂದುಬಿಟ್ಟರು. ನಮ್ಮೂರಿನಲ್ಲಿ ಹಾಗೆ ಕೇಳಿದರೆ ಮದುವೆಯಾಗೋಣವಾ ಅಂತ ಅರ್ಥ. ನನಗೆ ನಲವತ್ತಾರು, ಅವರಿಗೆ ಐವತ್ತೆರಡು. ನನ್ನ ಕೈ ನಿಂತುಹೋಯಿತು. ಅಷ್ಟರಲ್ಲಿ ಗಂಟೆ ಢಣ್ ಅಂತು. ಸೌಟು ನೆಟ್ಟಗೆ ನಿಂತ ಹಾಗೇ ಸಾಂಬಾರು ಗಟ್ಟಿಯಾಯಿತು, ಒಂದು ನುಗ್ಗೇಕಾಯಿ ಅರ್ಧ ಒಳಗೆ ಅರ್ಧ ಹೊರಗೆ.

"ನೋಡ್ರೀ ಏನು ಮಾಡಿಸಿದ್ರಿ!" ಅಂತ ರೇಗಿದೆ. ಅವರು ಕೊಳಗ ನೋಡಿದರು, ನನ್ನ ಮುಖ ನೋಡಿದರು. "ಅರ್ಧ ಗಂಟೆ ಕಾಯ್ತೀನಿ," ಅಂದರು. ಸಾಂಬಾರು ಕರಗಲಿ ಅಂತಲೋ ನಾನು ಕರಗಲಿ ಅಂತಲೋ, ಇವತ್ತಿಗೂ ಕೇಳಿಲ್ಲ. ಸಾಂಬಾರಿಗಿಂತ ಮೊದಲು ನಾನೇ ಹೂಂ ಅಂದೆ.

ನಮ್ಮೂರಿನಲ್ಲಿ ನಾಲ್ಕರಿಂದ ನಾಲ್ಕೂವರೆ ಹೆಪ್ಪಿನ ಹೊತ್ತು. ಆ ಅರ್ಧ ಗಂಟೆ ಅಲ್ಲಾಡದೆ ನಿಂತ ನೀರು, ಹಾಲು, ಎಣ್ಣೆ, ಸಾರು ಯಾವುದೇ ಆಗಲಿ, ಕಲ್ಲು. ಆಮೇಲೆ ತಾನಾಗಿಯೇ ನೀರಾಗುತ್ತೆ. ಹೊಸದಾಗಿ ಬಂದವರು ಬಾಯಿ ಬಿಡ್ತಾರೆ, ನಮಗೇನು? ಹುಟ್ಟಿದಾಗಿನಿಂದ ಇದೇ ಪಾಡು. ಗಂಟೆ ಆಯಿತು ಅಂದರೆ ಕ್ಷೌರದಂಗಡಿಯವನು ಒಂದು ಕೈಲಿ ಕತ್ತಿ, ಇನ್ನೊಂದು ಕೈಲಿ ನೀರಿನ ಬಟ್ಟಲು ಕುಲುಕ್ತಾ ಗಡ್ಡ ಕೆರೀತಾನೆ. ಎಣ್ಣೆ ಅಂಗಡಿಯಲ್ಲಿ ಡಬ್ಬಗಳನ್ನೆಲ್ಲ ಹಗ್ಗಕ್ಕೆ ತೂಗುಹಾಕಿರ್ತಾರೆ, ಹೋಗಿ ಬರೋ ಗಿರಾಕಿಗಳು ಒಂದೊಂದನ್ನು ತಳ್ಳಿ ಹೋಗಬೇಕು, ಅದು ಮರ್ಯಾದೆ. ಕೆರೆಗೆ ಎಮ್ಮೆ ಇಳಿಸ್ತಾರೆ, ಇಲ್ಲದಿದ್ದರೆ ಮೀನುಗಳ ಗತಿ ಏನು? ಸ್ಕೂಲಿನಲ್ಲಿ ಆ ಹೊತ್ತಿಗೆ ಡ್ರಿಲ್ಲು, ಮಕ್ಕಳು ನೀರಿನ ಬಾಟಲಿ ಸೊಂಟಕ್ಕೆ ಕಟ್ಟಿಕೊಂಡು ಕುಣೀತಾರೆ. ಜಗಳ ಆಡಬೇಕು ಅನ್ನೋ ಗಂಡ ಹೆಂಡತಿಯರೂ ಕೈಲಿ ತಂಬಿಗೆ ಹಿಡಿದು ಅಲ್ಲಾಡಿಸ್ತಾನೇ ಜಗಳ ಆಡ್ತಾರೆ. ಒಲೆಯ ಮೇಲೆ ಇರೋದು ಮಾತ್ರ ಹೆಪ್ಪುಗಟ್ಟಲ್ಲ. ಹೆಪ್ಪು ಬೆಂಕಿಗೆ ಹೆದರುತ್ತೆ ಅಂತ ನಮ್ಮ ಹಿರಿಯರು ಹೇಳ್ತಿದ್ದರು, ನಾವೂ ಹಾಗೇ ನಂಬಿಕೊಂಡಿದ್ದೆವು.

ಮದುವೆಯ ಕೊಡ ಅಂದರೆ ಹೀಗೆ. ಚಾವಡಿಯ ತೊಲೆಗೆ ಹಗ್ಗ ಕಟ್ಟಿ, ಒಂದು ತಾಮ್ರದ ಕೊಡ ತೂಗುಬಿಡ್ತಾರೆ. ಅದಕ್ಕೆ ಬಾವಿ ನೀರು ತುಂಬಿ ಚಿಟಿಕೆ ಅರಿಶಿನ ಹಾಕ್ತಾರೆ. ಗಂಡು ಹೆಣ್ಣು ಆ ಕಡೆ ಈ ಕಡೆ ಮಣೆ ಮೇಲೆ ಕೂತು ಕೊಡಕ್ಕೆ ಅಂಗೈ ಹಚ್ಚಬೇಕು. ನಾಲ್ಕು ಅಂಗೈಯೂ ಅರ್ಧ ಗಂಟೆ ತಾಗಿಯೇ ಇರಬೇಕು, ಬೇಕಂತ ಅಲ್ಲಾಡಿಸಬಾರದು. ನಾಲ್ಕೂವರೆ ಆಗೋಕೆ ಸ್ವಲ್ಪ ಮೊದಲು ಊರಿಗೆಲ್ಲ ಹಿರಿಯಳಾದ ಗುರವ್ವಜ್ಜಿ ಬಂದು ಒಂದು ಬೆಣಚುಕಲ್ಲು ಒಳಗೆ ಹಾಕ್ತಾಳೆ. ಬುಳುಕ್ ಅಂದರೆ ಓಲಗ. ಟಕ್ ಅಂದರೆ ಒಲವು ಸಾಲದು ಅಂತ ಎದ್ದು ಮನೆಗೆ ಹೋಗೋದು. ಹುಣ್ಣಿಮೆಗೊಂದರಂತೆ ಮೂರು ಸಲ ಹಿಡಿಯಬಹುದು. ಮೂರಕ್ಕೂ ಟಕ್ ಅಂದರೆ ಆ ಗಂಡಿಗೆ ಆ ಹೆಣ್ಣು ಈ ಜನ್ಮಕ್ಕಿಲ್ಲ.

ಮೂರು ಸಲ ಯಾಕೆ, ಎರಡನೇ ಸಲಕ್ಕೂ ಯಾರೂ ಹೋಗಿರಲಿಲ್ಲ. ಮೊದಲ ಸಲವೇ ಎಲ್ಲರದ್ದೂ ಬುಳುಕ್. ಹದಿನಾರು ವರ್ಷಕ್ಕೆ ಆದ ನನ್ನ ಮೊದಲ ಮದುವೆಯದ್ದೂ ಬುಳುಕ್ಕೇ. ಪಾಪ, ಆ ಮನುಷ್ಯ ಐದೇ ವರ್ಷ ಬಾಳಿದ್ದು. ಒಳ್ಳೆಯವನೇ, ಅವನ ಬಗ್ಗೆ ನನಗೆ ದೂರಿಲ್ಲ.

ಹಾಗಾಗಿ ನಾನೂ ಶಾಂತಪ್ಪನವರೂ ಮೊದಲ ಹುಣ್ಣಿಮೆಗೆ ಹೋಗಿ ಕೂತಾಗ ನಮಗೆ ಚಿಂತೆಯೇ ಇರಲಿಲ್ಲ. ನಾನಂತೂ ಐವತ್ತು ಜನಕ್ಕೆ ಕೇಸರಿಬಾತ್ ಮಾಡಿಟ್ಟೇ ಹೋಗಿದ್ದೆ. ಎಲ್ಲರೂ ಹಿಡಿಯೋ ಹಾಗೆ ನಾವೂ ಕೊಡದ ಕುತ್ತಿಗೆ ಹಿಡಿದೆವು. ಅರ್ಧ ಗಂಟೆ ಹಾಯಾಗಿ ಕೂತಿದ್ದೆವು. ಅವರು ನನ್ನ ನೋಡಿ ನಕ್ಕರು, ನಾನು ಅವರ ನೋಡಿ ನಕ್ಕೆ. ಇಂಥ ನೆಮ್ಮದಿ ನನಗೆ ಯಾವತ್ತೂ ಆಗಿರಲಿಲ್ಲ. ಗುರವ್ವಜ್ಜಿ ಕೋಲೂರಿಕೊಂಡು ಬಂದಳು, ಕಲ್ಲು ಹಾಕಿದಳು.

ಟಕ್.

ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಅಜ್ಜಿ ನನ್ನ ಮುಖ ನೋಡದೆ, "ಇನ್ನೂ ಎರಡಿದೆ ಬಿಡೇ," ಅಂದು ಹೊರಟಳು. ಕೇಸರಿಬಾತನ್ನ ಜನ ಬಿಡಲಿಲ್ಲ, ಸಂಕಟಪಡ್ತಾ ಎರಡೆರಡು ಸಲ ಹಾಕಿಸಿಕೊಂಡರು.

ಆಡೋರ ಬಾಯಿಗೆ ಬೀಗ ಹಾಕೋಕಾಗುತ್ತಾ? ಮಾರನೇ ದಿನದಿಂದ ಶುರು. ವಯಸ್ಸಾದ ಮೇಲೆ ಎಲ್ಲಿಯ ಒಲವು, ಬಿಸಿ ಊಟಕ್ಕೆ ಅವನು, ಜೊತೆಗಿರಲಿ ಅಂತ ಇವಳು, ಅಷ್ಟೇ ಅಂತ ನನ್ನ ಇಡ್ಲಿ ತಿಂದುಕೊಂಡೇ ನನ್ನ ಮುಂದೆಯೇ ಮಾತಾಡಿದರು. ಬೇರೆ ಊರಿಗೆ ಹೋಗಿ ತಾಳಿ ಕಟ್ಟಿಸಿಕೊಂಡು ಬಂದುಬಿಡು ಅಂತಲೂ ಕೆಲವರು ಅಂದರು. ನಾನ್ಯಾಕೆ ಹೋಗಲಿ? ಕದ್ದು ಮದುವೆಯಾಗೋಕೆ ನಾವೇನು ಕಳ್ಳರಾ? ಈ ಊರಿನವರಿಗೆ ಇಪ್ಪತ್ತು ವರ್ಷ ಅನ್ನ ಹಾಕಿದೀನಿ, ಈ ಊರಿನ ಕೊಡವೇ ನನಗೆ ಹೂಂ ಅನ್ನಬೇಕಿತ್ತು.

ಒಳಗೊಳಗೆ ಮಾತ್ರ ನನಗೂ ಅಳುಕು. ಊರು ಹೇಳೋದು ನಿಜವೇ ಇರಬಹುದಾ? ಶಾಂತಪ್ಪನವರು ಗಡಿಯಾರ ರಿಪೇರಿ ಮಾಡೋರು. ಕಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡು, ಸಾಸಿವೆಗಿಂತ ಸಣ್ಣ ಸ್ಕ್ರೂ ಎತ್ತೋ ಕೈ ಅವರದ್ದು. ಮಾತು ಕಮ್ಮಿ. ಹನ್ನೊಂದು ವರ್ಷ ನನ್ನ ಹೋಟ್ಲಲ್ಲಿ ಎರಡು ಹೊತ್ತು ಉಂಡಿದ್ದಾರೆ, ಉಪ್ಪು ಹೆಚ್ಚಾದ ದಿನವೂ ಚಕಾರ ಎತ್ತಿಲ್ಲ. ನನಗೆ ಜ್ವರ ಬಂದಾಗ ಮೂರು ದಿನ ಗಲ್ಲಾದಲ್ಲಿ ಕೂತು ಅಂಗಡಿ ನಡೆಸಿದರು, ಅದನ್ನೂ ಬೇರೆಯವರು ಹೇಳಿಯೇ ನನಗೆ ಗೊತ್ತಾಗಿದ್ದು. ಇದು ಒಲವಲ್ಲದೆ ಇನ್ನೇನು ಅಂತ ನಾನು. ಹಾಗಾದರೆ ನೀರು ಯಾಕೆ ಕಲ್ಲಾಯಿತು?

ಬಳೆ ಮಾರೋ ಜೈಬುನ್ನಿಸಾ ನನ್ನ ಗೆಳತಿ. ಅವಳೇ ಗುಟ್ಟು ಬಿಡಿಸಿದ್ದು. ಊರಿನ ಮದುಮಗಳಿಗೆಲ್ಲ ಬಳೆ ತೊಡಿಸಿದವಳು ಅವಳು, ಯಾರ ಕೈ ಹೇಗೆ ಅಂತ ಅವಳಿಗಿಂತ ಬಲ್ಲವರಿಲ್ಲ. "ಹೊನ್ನಕ್ಕಾ, ಹುಡುಗಿಯರಿಗೆ ಬಳೆ ಇಡುವಾಗ ಕೈ ಗಡಗಡ ಅಂತಿರುತ್ತೆ," ಅಂದಳು. "ನಾಚಿಕೆಗೋ, ಭಯಕ್ಕೋ, ಖುಷಿಗೋ, ಅಲ್ಲಾಗೇ ಗೊತ್ತು. ಆ ಕೈಲಿ ಕೊಡ ಹಿಡಿದರೆ ಕೊಡವೂ ಗಡಗಡ. ನೀರು ನಿಲ್ಲೋದೆಲ್ಲಿಂದ ಬಂತು? ನಿಮ್ಮಿಬ್ಬರಿಗೆ ನಡುಕವೇ ಇಲ್ಲ. ತುಂಬಿದ ಕೊಡ ತುಳುಕಲ್ಲ ಅಂತೀರಲ್ಲ, ನಮ್ಮೂರಲ್ಲಿ ತುಳುಕದ ಕೊಡ ಹೆಪ್ಪುಗಟ್ಟುತ್ತೆ, ಅಷ್ಟೇ!"

ನನಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಅಲ್ಲ, ನೆಮ್ಮದಿಯಾಗಿ ಕೂತಿದ್ದೇ ತಪ್ಪಾಯಿತಾ? ಶಾಂತಪ್ಪನವರಿಗೆ ಹೇಳಿದೆ. "ಸ್ವಲ್ಪ ನಡುಗ್ರೀ," ಅಂದೆ. ಅವರು ಎರಡೂ ಕೈ ಮುಂದೆ ಚಾಚಿ, ಹುಬ್ಬು ಗಂಟಿಕ್ಕಿ, ಪ್ರಯತ್ನಪಟ್ಟರು. ಕೈ ಕಲ್ಲಿನ ಕಂಬದ ಹಾಗಿತ್ತು. "ನಿಮ್ಮ ಎದುರಿಗೆ ಆಗ್ತಿಲ್ಲ," ಅಂದರು. "ಬೇಕಂತ ನಡುಗಿದರೆ ಅದು ಮೋಸ ಅಲ್ವಾ?" ಮೋಸವೇ. ಮೋಸದ ಬುಳುಕ್ ನನಗೂ ಬೇಡವಾಗಿತ್ತು.

ಅದಕ್ಕೆ ಎರಡನೇ ಹುಣ್ಣಿಮೆಗೆ ಇನ್ನೊಂದು ಉಪಾಯ ಮಾಡಿದೆವು. ಹೆಪ್ಪು ಬೆಂಕಿಗೆ ಹೆದರುತ್ತೆ ತಾನೇ? ಅಂಗೈ ಕಾಯಿಸಿಕೊಂಡು ಹೋದರಾಯಿತು. ಮಧ್ಯಾಹ್ನದಿಂದ ಒಲೆ ಮುಂದೆ ಕೂತು ಇಬ್ಬರೂ ಕೈ ಕಾಯಿಸಿಕೊಂಡೆವು, ಹರಳೆಣ್ಣೆ ಹಚ್ಚಿ ತಿಕ್ಕಿಕೊಂಡೆವು, ಕೈಗೆ ಉಣ್ಣೆ ಶಾಲು ಸುತ್ತಿಕೊಂಡು ಚಾವಡಿಗೆ ಓಡಿದೆವು. ಜನ ನೋಡಿ ನಕ್ಕರು. ನಗಲಿ ಬಿಡು ಅಂತ ಕೊಡದ ಕುತ್ತಿಗೆ ಗಟ್ಟಿಯಾಗಿ ಹಿಡಿದೆವು. ತಾಮ್ರ ಬೆಚ್ಚಗಾಗಿದ್ದು ನನ್ನ ಕೈಗೇ ಗೊತ್ತಾಯಿತು. ಈ ಸಲ ಗೆದ್ದೆವು ಅಂದುಕೊಂಡೆ. ಅಜ್ಜಿ ಕಲ್ಲು ಹಾಕಿದಳು.

ಬುಳುಕ್ ಅಂತು. ಜೈಬು ಕೂಗಿಯೇಬಿಟ್ಟಳು. ಓಲಗದವನು ಬಾಯಿಗಿಟ್ಟು ಉಸಿರು ತುಂಬಿಕೊಂಡ. ಅಷ್ಟರಲ್ಲಿ ಒಳಗಿಂದ ಟಕ್ ಅಂತು.

ಅಜ್ಜಿ ಬೆರಳಿಳಿಸಿ ನೋಡಿದಳು. ಮೇಲೆ ನಾಲ್ಕು ಬೆರಳು ನೀರು, ಅದರ ಕೆಳಗೆ ತಳದವರೆಗೂ ಕಲ್ಲು. "ಅರ್ಧ ಮದುವೆ ಅಂತ ಇಲ್ಲ ಕಣೇ ಹೊನ್ನಿ," ಅಂದಳು. ಓಲಗದವನು ತುಂಬಿಕೊಂಡ ಉಸಿರನ್ನ ಎಲ್ಲಿ ಬಿಡಬೇಕೋ ಗೊತ್ತಾಗದೆ ಕೆಮ್ಮಿದ.

ಆವತ್ತು ಮನೆಗೆ ಬಂದು ಅತ್ತೆ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಅತ್ತೆ. ಇನ್ನು ಒಂದೇ ಒಂದು ಹುಣ್ಣಿಮೆ. ಅದೂ ಹೋದರೆ ಆ ಮನುಷ್ಯ ಮತ್ತೆ ಮೂಲೆ ಬೆಂಚಿನ ಗಿರಾಕಿ, ನಾನು ಮತ್ತೆ ಸೌಟಿನವಳು. ಎದುರೆದುರು ಇದ್ದುಕೊಂಡು ಮುಖ ತಗ್ಗಿಸಿ ಎಷ್ಟು ವರ್ಷ ಬಡಿಸೋದು? ಹೋಟ್ಲು ಮುಚ್ಚಿ ಎಲ್ಲಿಗಾದರೂ ಹೋಗಿಬಿಡೋಣ ಅನ್ನೋವರೆಗೂ ಯೋಚನೆ ಹೋಯಿತು.

ಬೆಳಗಾದರೆ ಕೆಲಸ ಕೇಳುತ್ತಾ? ನಾಲ್ಕೈದು ದಿನ ಕಳೆದಿರಬಹುದು. ಮಧ್ಯಾಹ್ನದ ಊಟ ಮುಗಿದಿತ್ತು. ಸಂಜೆಯ ಸಾರಿಗೆ ತೊಗರಿಬೇಳೆ ಒಲೆ ಮೇಲಿಟ್ಟು, ಪಕ್ಕದ ಒಲೆ ಕೆಟ್ಟು ಹೋಗಿತ್ತು ಅಂತ ಪಾಯಸದ ತಪ್ಪಲೆಯ ಮುಚ್ಚಳದ ಮೇಲೆ ಕೆಂಡ ಸುರಿದಿದ್ದೆ. ಬೆಂಕಿ ಕಂಡರೆ ಸಾಕು ತಾನೇ, ಕೆಳಗಾದರೇನು ಮೇಲಾದರೇನು ಅಂತ ನನ್ನ ಲೆಕ್ಕ. ಗಂಟೆ ಹೊಡೆಯಿತು. ಸ್ವಲ್ಪ ಹೊತ್ತಿಗೆ ಪಾಯಸದಲ್ಲಿ ಸೌಟು ಇಳಿಸಿದೆ. ಮೇಲೆ ಕೈ ಸುಡೋಷ್ಟು ಬಿಸಿ, ಎರಡು ಬೆರಳು ಕೆಳಗೆ ಹೋಗ್ತಿದ್ದ ಹಾಗೆ ಟಕ್.

ಅದೇ ಸದ್ದು! ತಿರುಗಿ ಬೇಳೆಯ ಪಾತ್ರೆ ನೋಡಿದೆ. ಇಪ್ಪತ್ತು ವರ್ಷದಿಂದ ದಿನಾ ಬೇಳೆ ಬೇಯಿಸಿದೀನಿ, ಆವತ್ತೇ ನೋಡಿದ್ದು ಅನ್ನಬೇಕು. ಉರಿ ಸಣ್ಣಗಿತ್ತು, ಇನ್ನೂ ಕುದಿ ಬಂದಿರಲಿಲ್ಲ. ಆದರೂ ಬೇಳೆಯ ಹೊಟ್ಟು ನಡುವಿನಲ್ಲಿ ಮೇಲಕ್ಕೆ ಏಳುತ್ತೆ, ಪಾತ್ರೆಯ ಅಂಚಿಗೆ ಹೋಗುತ್ತೆ, ಅಂಚಿನಲ್ಲಿ ಮುಳುಗಿ ತಳಕ್ಕೆ ಹೋಗುತ್ತೆ, ಮತ್ತೆ ನಡುವಿನಲ್ಲಿ ಏಳುತ್ತೆ. ಯಾರೂ ಸೌಟು ಹಾಕಿಲ್ಲ, ಯಾರೂ ಕುಲುಕಿಲ್ಲ. ಕೆಳಗೆ ಕಾದ ನೀರು ಹಗುರಾಗಿ ಮೇಲೆ ಬರ್ತಿದೆ, ಮೇಲೆ ತಣಿದದ್ದು ಭಾರವಾಗಿ ಕೆಳಗೆ ಇಳೀತಿದೆ. ತನ್ನನ್ನು ತಾನೇ ತಿರುವಿಕೊಳ್ತಿದೆ ಅದು! ಪಾಯಸಕ್ಕೆ ಬಿಸಿ ಮೇಲಿತ್ತು. ಬಿಸಿಯಾದದ್ದು ಮೇಲೇ ತೇಲಿಕೊಂಡು ಅಲ್ಲಲ್ಲೇ ಸುತ್ತಿಕೊಳ್ತಿತ್ತು, ಕೆಳಗಿನದಕ್ಕೆ ಏಳೋಕೆ ಕಾರಣವೇ ಇರಲಿಲ್ಲ. ಹೆಪ್ಪು ಬೆಂಕಿಗೆ ಹೆದರೋದೇನು ಬಂತು, ಮಣ್ಣು! ಅದಕ್ಕೆ ಬೇಕಾಗಿದ್ದು ನಿಂತ ನೀರು, ಅಷ್ಟೇ.

ಕೈಲಿದ್ದ ಸೌಟು ಹಿಡಿದುಕೊಂಡೇ ಓಡಿದೆ. ಗಡಿಯಾರದಂಗಡಿಯಲ್ಲಿ ಶಾಂತಪ್ಪನವರು ಯಾರದ್ದೋ ಗೋಡೆ ಗಡಿಯಾರದ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದರು. "ರೀ, ನಾವು ಕುತ್ತಿಗೆ ಹಿಡಿದಿದ್ದೇ ತಪ್ಪು! ತಳ ಹಿಡೀಬೇಕು, ತಳ!" ಅಂದೆ. ಏದುಸಿರಿನಲ್ಲಿ ಬೇಳೆ, ಪಾಯಸ ಎಲ್ಲ ಹೇಳಿದೆ. ಅವರು ಕಣ್ಣಿನ ಭೂತಗನ್ನಡಿ ತೆಗೆದರು. "ಮೊದಲ ಸಲ 'ರೀ' ಅಂದ್ರಿ," ಅಂದರು. ಇವರಿಗೆ ಕೇಳಿಸಿದ್ದು ಅದು! ಆಮೇಲೆ ನಿಧಾನವಾಗಿ, "ನೀವು ಹೇಳೋದು ಸರಿ. ಮಾಡೋಣ," ಅಂದರು.

ಮೂರನೇ ಹುಣ್ಣಿಮೆಗೆ ಚಾವಡಿಯಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಕೈಯಲ್ಲೊಂದು ತಂಬಿಗೆ ಕುಲುಕ್ತಾ ಇಡೀ ಊರೇ ಬಂದಿತ್ತು. ನಾವು ಮಣೆಗಳನ್ನು ಹತ್ತಿರ ಎಳೆದುಕೊಂಡು ಕೂತು, ಅಂಗೈ ಮೇಲೆ ಮಾಡಿ, ಕೊಡದ ತಳಕ್ಕೆ ಹಚ್ಚಿದೆವು. ತಕ್ಷಣ ಗಲಾಟೆ. "ಇದೆಂಥ ಹಿಡಿಯೋದು? ಭಿಕ್ಷೆ ಬೇಡೋ ಹಾಗೆ!" ಅಂತ ಒಬ್ಬರು. "ಕುತ್ತಿಗೆ ಹಿಡೀಬೇಕು, ಅದೇ ಶಾಸ್ತ್ರ," ಅಂತ ಇನ್ನೊಬ್ಬರು. ನನಗೆ ರೇಗಿತು. "ಎಲ್ಲಿ ಹಾಗಂತ ಇದೆ? ನಾಲ್ಕು ಅಂಗೈ ತಾಗಬೇಕು, ಅಲ್ಲಾಡಿಸಬಾರದು, ಅಷ್ಟು ತಾನೇ? ಅಜ್ಜೀ, ನೀನೇ ಹೇಳು," ಅಂದೆ.

ಗುರವ್ವಜ್ಜಿಗೆ ಎಂಬತ್ತರ ಮೇಲೆ. ಅರವತ್ತು ವರ್ಷದಿಂದ ಕಲ್ಲು ಹಾಕ್ತಿರೋಳು. ಕೋಲಿನ ಮೇಲೆ ಗಲ್ಲ ಊರಿ ನಮ್ಮ ಕೈ ನೋಡಿದಳು. "ಕುತ್ತಿಗೆ ಅಂತ ಯಾರೂ ನನಗೆ ಹೇಳಿಕೊಟ್ಟಿಲ್ಲ," ಅಂದಳು. "ಎಲ್ಲರೂ ಅಲ್ಲೇ ಹಿಡೀತಿದ್ದರು, ಅಷ್ಟೇ. ಸುಮ್ಮನಿರ್ರೋ." ಗಂಟೆ ಹೊಡೆಯಿತು.

ಕೊಡದ ತಳ ಎಷ್ಟಗಲ ಇರುತ್ತೆ? ನಾಲ್ಕು ಅಂಗೈಗೆ ಜಾಗ ಸಾಲದು. ಅವರ ಬೆರಳ ಸಂದಿನಲ್ಲಿ ನನ್ನ ಬೆರಳು ಸೇರಿಸಬೇಕಾಯಿತು. ಹನ್ನೊಂದು ವರ್ಷದಲ್ಲಿ ಲೋಟ ಕೊಡುವಾಗಲೂ ತಾಗದ ಕೈ ಅದು, ಈಗ ಊರೆಲ್ಲರ ಎದುರಿಗೆ! ನನ್ನ ಕಿವಿ ಕೆಂಪಾಗಿದ್ದು ನನಗೇ ಗೊತ್ತಾಗ್ತಿತ್ತು. ಮೊದಲು ತಾಮ್ರ ತಣ್ಣಗೆ ಕೊರೆಯಿತು. ಹತ್ತು ನಿಮಿಷ, ಹದಿನೈದು ನಿಮಿಷ. ತೋಳು ಬಿದ್ದೇ ಹೋಗುತ್ತೆ ಅನ್ನೋ ಹಾಗೆ ನೋವು. ಹೆಪ್ಪುಗಟ್ಟಿಯೇ ಹೋಗಿದೆ, ಸುಮ್ಮನೆ ಹಿಡಿದುಕೊಂಡು ಕೂತಿದೀನಿ ಅನ್ನಿಸಿ ಕಣ್ಣು ತುಂಬಿತು. ಶಾಂತಪ್ಪನವರು ಮೆಲ್ಲಗೆ, "ಒಳಗೆ ನೋಡಿ," ಅಂದರು.

ಕತ್ತು ಉದ್ದ ಮಾಡಿ ಕೊಡದ ಬಾಯಲ್ಲಿ ಇಣುಕಿದೆ. ನೀರಿನ ಮೇಲ್ಮೈ ಕನ್ನಡಿಯ ಹಾಗೆ ನಿಂತಿತ್ತು, ಒಂದು ಗೆರೆಯಷ್ಟೂ ಅಲುಗಾಡ್ತಿರಲಿಲ್ಲ. ಆದರೆ ಅದರೊಳಗೆ ಅರಿಶಿನದ ಪುಡಿ ಸಣ್ಣಗೆ ನಡುವಿನಲ್ಲಿ ಏಳ್ತಿತ್ತು. ಎದ್ದು, ಅಂಚಿಗೆ ಹೋಗಿ, ಇಳಿದು, ಮತ್ತೆ ಏಳ್ತಿತ್ತು. ಆಮೇಲೆ ನನಗೆ ತೋಳಿನ ನೋವು ಮರೆತೇಹೋಯಿತು.

ನಾಲ್ಕೂವರೆಗೆ ಇನ್ನು ಎರಡು ನಿಮಿಷ ಇರುವಾಗ ಅಜ್ಜಿ ಎದ್ದು ಬಂದಳು. ಕಲ್ಲು ಹಾಕಿದಳು. ಬುಳುಕ್. ಹೋದ ಸಲ ಮೋಸ ಹೋದವರು, ಯಾರೂ ಕೂಗಲಿಲ್ಲ. ಕಲ್ಲು ಕೆಳಗಿಳಿದು ಎಲ್ಲೋ ತಾಗಿತು, ಸಣ್ಣ ಸದ್ದು. ಅದು ತಾಮ್ರವೋ ಹೆಪ್ಪೋ ಯಾರಿಗೂ ತಿಳಿಯಲಿಲ್ಲ. ಅಜ್ಜಿ ಬಳೆ ಮೇಲೆ ಸರಿಸಿ, ಮೊಣಕೈವರೆಗೂ ಕೈ ಒಳಗೆ ಇಳಿಸಿದಳು. ತಳ ತಡವಿದಳು. ಸುತ್ತ ತಡವಿದಳು. ಕೈ ತೆಗೆಯಲೇ ಇಲ್ಲ. ಏನಾಯಿತಪ್ಪ ಅಂತ ಅವಳ ಮುಖ ನೋಡಿದರೆ, ಅಜ್ಜಿ ಕಣ್ಣು ಮುಚ್ಚಿಕೊಂಡು ನಿಂತಿದ್ದಳು.

"ಎಲ್ಲೂ ಗಟ್ಟಿಯಿಲ್ಲ," ಅಂದಳು ಕೊನೆಗೆ. ಓಲಗ ಶುರುವಾಯಿತು, ಜೈಬು ಯಾರನ್ನೋ ತಬ್ಬಿಕೊಂಡು ಕುಣಿದಳು, ತಂಬಿಗೆಯ ನೀರೆಲ್ಲ ಜನ ಒಬ್ಬರ ಮೇಲೊಬ್ಬರು ಎರಚಿಕೊಂಡರು. ಶಾಂತಪ್ಪನವರು ಎಂದೂ ಇಲ್ಲದ ಹಾಗೆ ಬಾಯಿ ತುಂಬ ನಕ್ಕರು. ಆ ಗದ್ದಲದಲ್ಲಿ ಅಜ್ಜಿ ನನ್ನ ಪಕ್ಕ ಮಣೆಯ ತುದಿಯಲ್ಲಿ ಕೂತು, ನನಗೊಬ್ಬಳಿಗೇ ಕೇಳೋ ಹಾಗೆ ಮಾತಾಡಿದಳು.

"ಹದಿಮೂರು ವರ್ಷಕ್ಕೆ ನನ್ನನ್ನು ಇಲ್ಲಿ ತಂದು ಕೂರಿಸಿದರು ಕಣೇ. ಎದುರಿಗೆ ಯಾರೋ ದೊಡ್ಡ ಮೀಸೆಯವನು. ಹೆದರಿಕೆಗೆ ನಡುಗಿದ್ದೇ ನಡುಗಿದ್ದು, ಕೊಡದ ನೀರು ಹೊರಗೆ ಚೆಲ್ಲಿತು. ಎಂಥ ಒಲವು ಅಂತ ಊರೆಲ್ಲ ಹಾಡಿ ಹೊಗಳಿತು. ಅರವತ್ತು ವರ್ಷ ಕಲ್ಲು ಹಾಕಿದೀನಿ, ಅಷ್ಟು ನೀರಲ್ಲೂ ಕೈ ಇಟ್ಟಿದೀನಿ. ಎಲ್ಲಾ ತಣ್ಣಗೆ ಕೊರೀತಿತ್ತು. ನೀರು ಅಂದರೆ ಹಾಗೇ ಇರೋದು ಅಂದುಕೊಂಡಿದ್ದೆ."

ಆ ಕೊಡದ ನೀರು ಗಂಡು ಹೆಣ್ಣು ಬಿಟ್ಟು ಬೇರೆಯವರು ಕುಡಿಯೋ ಹಾಗಿಲ್ಲ. ಅದನ್ನ ಊರಿಗೆಲ್ಲ ಹೇಳಿಕೊಟ್ಟವಳೇ ಅಜ್ಜಿ. ಅವಳೇ ಎರಡು ಕೈ ಜೋಡಿಸಿ, ಬೊಗಸೆ ಮಾಡಿ ಮುಂದೆ ಹಿಡಿದಳು. "ನನಗೂ ಒಂಚೂರು ಹಾಕೇ," ಅಂದಳು. ನಾನು ಶಾಂತಪ್ಪನವರ ಮುಖ ನೋಡಿದೆ. ಅವರು ಆಗಲೇ ಕೊಡ ಬಗ್ಗಿಸಿದ್ದರು.

ಅಜ್ಜಿ ಕುಡಿದಳು. ಗಲ್ಲದ ಮೇಲೆ ಇಳಿದದ್ದನ್ನು ಒರೆಸಿಕೊಳ್ಳಲಿಲ್ಲ.

"ಬೆಚ್ಚಗಿದೆಯಲ್ಲೇ ಹೊನ್ನಿ," ಅಂದಳು. "ಇನ್ನೊಂದು ಬೊಗಸೆ ಹಾಕು."